ಇಲ್ಲದ ತಂಡದ ಯಜಮಾನಿಕೆ

ಇರುವ ಆಸ್ತಿಯನ್ನು ನೋಡಿಕೊಳ್ಳುವುದೇ ಗೃಹಸ್ಥನಿಗೆ ಒಂದು ಹೊರೆ. ಅದು ಸಾಲದೆಂದು ಇಲ್ಲದ ಆಸ್ತಿಯೊಂದನ್ನು ಕಲ್ಪಿಸಿಕೊಂಡು, ಅದಕ್ಕೆ ಲೆಕ್ಕಪತ್ರವಿಟ್ಟು, ಅದರ ಚಿಂತೆಯಿಂದ ನಡುರಾತ್ರಿಯಲ್ಲಿ ಎದ್ದು ಕುಳಿತುಕೊಳ್ಳುವ ಸಂಸಾರಸ್ಥರು ಅಮೆರಿಕ ದೇಶದಲ್ಲಿ ಲಕ್ಷಾಂತರ ಮಂದಿ ಉಂಟು. ಆ ಗಣನೆಯಲ್ಲಿ ನಾವೂ ಸೇರಿದವರೆಂಬುದನ್ನು ಮರೆಮಾಚಿ ಪ್ರಯೋಜನವಿಲ್ಲ. ನ್ಯೂಜೆರ್ಸಿಯಲ್ಲಿ ಮನೆಮಾಡಿಕೊಂಡು ಇಪ್ಪತ್ತೆಂಟು ವರ್ಷಗಳಾದುವು. ಅವುಗಳಲ್ಲಿ ಈಚಿನ ಒಂಬತ್ತು ವರ್ಷ ಶರತ್ಕಾಲ ಬಂದಿತೆಂದರೆ ನಾವು ಹದಿನೈದು ಮಂದಿ ದಾಂಡಿಗರ ಯಜಮಾನರು. ಅವರಲ್ಲಿ ಒಬ್ಬನಿಗಾದರೂ ನಮ್ಮ ಹೆಸರು ತಿಳಿಯದು.

ಇದಕ್ಕೆ ಫ್ಯಾಂಟಸಿ ಫುಟ್‌ಬಾಲ್ ಎಂದು ಹೆಸರು. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಪಾದಕ್ಕೆ ಕೆಲಸ ಬಹಳ ಕಡಿಮೆ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದು, ಎಸೆಯುವುದು, ಓಡುವವನನ್ನು ಕೆಡವುವುದು, ಇದೇ ಹೆಚ್ಚು. ನಿಜವಾದ ತಂಡಗಳು 32. 2021ರಿಂದೀಚೆಗೆ ಒಂದೊಂದು ತಂಡವೂ 18 ವಾರಗಳಲ್ಲಿ 17 ಪಂದ್ಯಗಳನ್ನು ಆಡುತ್ತದೆ. ನಮ್ಮಂಥವರು ಹತ್ತು ಮಂದಿ ಸೇರಿ ಈ ತಂಡಗಳ ಆಟಗಾರರನ್ನು ನಮ್ಮನಮ್ಮೊಳಗೆ ಕಾಗದದ ಮೇಲೆ ಹಂಚಿಕೊಳ್ಳುತ್ತೇವೆ. ನಮ್ಮ ಪಾಲಿಗೆ ಬಂದವನು ನಿಜವಾದ ಪಂದ್ಯದಲ್ಲಿ ಹತ್ತು ಗಜ ಓಡಿದರೆ ನಮಗೆ ಒಂದು ಅಂಕ. ಚೆಂಡನ್ನು ಗಡಿ ದಾಟಿಸಿದರೆ ಆರು. ಹದಿನೈದು ಮಂದಿಯಲ್ಲಿ ವಾರಕ್ಕೆ ಒಂಬತ್ತು ಮಂದಿಯನ್ನು ಕಣಕ್ಕಿಳಿಸಬೇಕು. ಉಳಿದ ಆರು ಮಂದಿ ಬೆಂಚಿನ ಮೇಲೆ. ಬೆಂಚಿನ ಮೇಲಿರುವವನು ಆ ದಿನ ಪರಾಕ್ರಮವನ್ನೇ ಮೆರೆದರೂ ಅದು ಲೆಕ್ಕಕ್ಕೆ ಬಾರದು. ಈ ಆಟದಲ್ಲಿ ಉಂಟಾಗುವ ಸಂಕಟಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಯೇ.

ನಮ್ಮ ದೇಶದಲ್ಲಿ ಕ್ರಿಕೆಟ್ಟಿನ ಸುತ್ತ ಬೆಳೆದ ಇಂಥ ಆಟಗಳನ್ನು ಬಲ್ಲ ವಾಚಕರು ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಒಬ್ಬ ಕೊಹ್ಲಿಯನ್ನು ಸಾವಿರಾರು ಮಂದಿ ಏಕಕಾಲದಲ್ಲಿ ತಮ್ಮವನೆಂದು ಆರಿಸಿಕೊಳ್ಳಬಹುದಾಗಿತ್ತು. ನಮ್ಮಲ್ಲಿ ಹಾಗಿಲ್ಲ. ಒಬ್ಬ ಆಟಗಾರ, ಒಬ್ಬನೇ ಯಜಮಾನ. ಆದುದರಿಂದಲೇ ನಮ್ಮಲ್ಲಿ ಕೊಡುಕೊಳ್ಳುವಿಕೆ ಎಂಬುದೊಂದು ಉಂಟಾಯಿತು. ಕೊಡುಕೊಳ್ಳುವಿಕೆ ಬಂದಲ್ಲಿ ಅನುಮಾನ, ದಾಕ್ಷಿಣ್ಯ, ಮುನಿಸುಗಳೂ ಬಂದುವು. ಹಣದ ಮಾತು ಬೇರೆ. ಹಣ ಕಟ್ಟಿ ಆಡುವ ಇಂಥ ಆಟಗಳನ್ನು ಭಾರತ ಸರ್ಕಾರವು 2025ರ ಆಗಸ್ಟ್ ತಿಂಗಳಿನ ಕಾನೂನಿನಿಂದ ನಿಷೇಧಿಸಿತು. ನಮ್ಮ ಕೂಟದಲ್ಲಿ ಮೊದಲಿನಿಂದಲೂ ಹಣದ ಸೋಂಕಿಲ್ಲ. ಗೆದ್ದವರ ಮನೆಯಲ್ಲಿ ಒಂದು ವರ್ಷದ ಮಟ್ಟಿಗೆ ಒಂದು ಹಿತ್ತಾಳೆಯ ಚೊಂಬು ಇರುತ್ತದೆ, ಅಷ್ಟೆ. ಆ ಚೊಂಬಿಗಾಗಿ ನಡೆದಿರುವ ವಾಗ್ವಾದಗಳನ್ನು ನೋಡಿದರೆ, ಹಣವಿದ್ದರೆ ಏನಾಗುತ್ತಿತ್ತೋ ಎಂದು ಭಯವಾಗುತ್ತದೆ.

ಈ ಹುಚ್ಚಿನ ಮೂಲಪುರುಷನು ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಗರದ ಬಿಲ್ ವಿಂಕೆನ್‌ಬಾಕ್ ಎಂಬಾತ. ಓಕ್ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬ. 1962ರಲ್ಲಿ ಆ ತಂಡವು ಹದಿನಾಲ್ಕು ಪಂದ್ಯಗಳಲ್ಲಿ ಒಂದನ್ನು ಮಾತ್ರ ಗೆದ್ದಿತು. ಅದೇ ವರ್ಷ ತಂಡದೊಂದಿಗೆ ಪೂರ್ವದ ಪ್ರವಾಸ ಬಂದಿದ್ದಾಗ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಆತನೂ, ತಂಡದ ಪ್ರಚಾರದ ಅಧಿಕಾರಿ ಬಿಲ್ ಟನೆಲನೂ, ಪತ್ರಿಕಾವರದಿಗಾರ ಸ್ಕಾಟಿ ಸ್ಟರ್ಲಿಂಗನೂ ಕೂಡಿ ಈ ಆಟದ ನಿಯಮಗಳನ್ನು ಬರೆದರು. ತಮ್ಮ ನಿಜವಾದ ತಂಡ ಸೋಲುತ್ತಲೇ ಇದ್ದಾಗ ಕಲ್ಪನೆಯ ತಂಡವೊಂದು ಬೇಕೆನಿಸಿದ್ದರಲ್ಲಿ ಆಶ್ಚರ್ಯವೇನು? ಮರುವರ್ಷ, 1963ರ ಆಗಸ್ಟ್ ತಿಂಗಳಲ್ಲಿ, ವಿಂಕೆನ್‌ಬಾಕನ ಮನೆಯಲ್ಲಿ ಎಂಟು ತಂಡಗಳ ಮೊದಲ ಹಂಚಿಕೆ ನಡೆಯಿತು. ಎಲ್ಲರಿಗಿಂತ ಮೊದಲು ಆಯ್ಕೆಯಾದವನು ಜಾರ್ಜ್ ಬ್ಲಾಂಡಾ. ಮಹಾ ಓಟಗಾರನಾದ ಜಿಮ್ ಬ್ರೌನನು ಆ ಪಟ್ಟಿಯಲ್ಲಿ ಇದ್ದಾಗಲೇ ಬ್ಲಾಂಡಾನನ್ನು ಆರಿಸಿದರಂತೆ! ಮೊದಲ ದಿನದಿಂದಲೇ ಈ ಆಟದಲ್ಲಿ ವಿವೇಕಕ್ಕೂ ಹಟಕ್ಕೂ ಜಗಳವೆಂದು ಇದರಿಂದ ತಿಳಿಯಬಹುದು.

ಹಂಚಿಕೆಯ ಕ್ರಮವನ್ನು ನೋಡಿದಾಗಲೆಲ್ಲ ನಮಗೆ ಊರಿನ ನೆನಪಾಗುತ್ತದೆ. ಚೀಟಿ ಎತ್ತಿ ಒಂದರಿಂದ ಹತ್ತರವರೆಗೆ ಸರದಿ ಗೊತ್ತುಮಾಡುತ್ತಾರೆ. ಎರಡನೆಯ ಸುತ್ತಿನಲ್ಲಿ ಸರದಿ ತಿರುಗುಮುರುಗು: ಕೊನೆಯವನು ಮೊದಲಾಗುತ್ತಾನೆ. ಮೊದಲನೆಯವನಿಗೆ ಮೊದಲ ಆಟಗಾರನು ದೊರೆತರೆ, ಮತ್ತೆ ಅವನ ಕೈ ನೀಡುವ ಹೊತ್ತಿಗೆ ಹದಿನೆಂಟು ಮಂದಿ ಹೋಗಿರುತ್ತಾರೆ. ಹತ್ತನೆಯವನಿಗೆ ಹತ್ತನೆಯವನೂ ಹನ್ನೊಂದನೆಯವನೂ ಒಟ್ಟಿಗೆ. ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಹಿರಿಯನು ಪಾಲು ಹಾಕಬೇಕು, ಕಿರಿಯನು ಮೊದಲು ಆರಿಸಿಕೊಳ್ಳಬೇಕು ಎಂಬ ಪದ್ಧತಿಯಿತ್ತು. ಎರಡರ ಹಿಂದಿರುವ ಬುದ್ಧಿ ಒಂದೇ. ಆದರೆ ಹೊಲ ಗದ್ದೆಗಳನ್ನು ಹೀಗೆ ಹಂಚಬಹುದು. ಇರುವುದೊಂದೇ ಮನೆಯಾದರೆ ಯಾವ ಸರದಿಯೂ ಕೆಲಸಕ್ಕೆ ಬಾರದು. ಆ ವಿಚಾರಕ್ಕೆ ಮುಂದೆ ಬರುತ್ತೇವೆ.

ಹಂಚಿಕೆಯ ದಿನದ ಸಂಭ್ರಮ ಮುಗಿದ ಮೇಲೆ ನಿತ್ಯದ ಸಂಸಾರ. ಈ ಆಟದಲ್ಲಿ ಗೆಲ್ಲುವವರು ಹಂಚಿಕೆಯ ದಿನದ ಜಾಣರಲ್ಲ, ವಾರವಾರದ ಎಚ್ಚರಿಕೆಯವರು ಎಂಬುದು ನಮ್ಮ ಅನುಭವ. ಬುಧವಾರದಿಂದ ಗಾಯಾಳುಗಳ ಪಟ್ಟಿ ಹೊರಡತೊಡಗುತ್ತದೆ: ಇವನು ಆಡುವುದು ಅನುಮಾನ, ಇವನು ಆಡುವುದಿಲ್ಲ ಎಂದು. ಆಟಕ್ಕೆ ತೊಂಬತ್ತು ನಿಮಿಷ ಮುಂಚೆ ಕಟ್ಟಕಡೆಯ ಪಟ್ಟಿ. ಪ್ರತಿ ತಂಡಕ್ಕೂ ಒಂದು ವಾರ ವಿಶ್ರಾಂತಿಯುಂಟು. ನಮ್ಮವರಲ್ಲಿ ನಾಲ್ವರಿಗೆ ಒಂದೇ ವಾರ ವಿಶ್ರಾಂತಿ ಬಂದರೆ ಅಡಿಗೆಯವರೆಲ್ಲ ಒಂದೇ ದಿನ ರಜಾ ಹೋದ ಮದುವೆಮನೆಯಂತೆ ನಮ್ಮ ಪಾಡು. ಯಾರ ಪಾಲಿಗೂ ಸೇರದೆ ಉಳಿದ ಆಟಗಾರರನ್ನು ಬುಧವಾರದ ಬೆಳಗಿನ ಜಾವ ಕೇಳಿದವರಿಗೆ ಹಂಚುತ್ತಾರೆ. ಇದಕ್ಕೆ ವೇವರ್ ಎನ್ನುತ್ತಾರೆ. ನಮ್ಮ ಕೂಟದ ನಿಯಮದಂತೆ ಹಿಂದುಳಿದವನಿಗೆ ಮೊದಲ ಹಕ್ಕು. ಮೊದಲ ವಾರದಲ್ಲಿ ಮಾತ್ರ, ಹಂಚಿಕೆಯಲ್ಲಿ ಕೊನೆಗೆ ಬಂದವನಿಗೆ. ಈ ಉಳಿದ ರಾಶಿಯಲ್ಲಿ ಮಾಣಿಕ್ಯಗಳೂ ಇರುತ್ತವೆ. 2023ರಲ್ಲಿ ಪುಕಾ ನಕುವಾ ಎಂಬ ಹೊಸ ಹುಡುಗನನ್ನು ನಮ್ಮ ಹತ್ತು ಮಂದಿಯಲ್ಲಿ ಯಾರೂ ಮೂಸಿ ನೋಡಿರಲಿಲ್ಲ. ಆತ ಆ ವರ್ಷ 105 ಸಲ ಚೆಂಡು ಹಿಡಿದು, 1486 ಗಜ ಗಳಿಸಿ, ಹೊಸಬರ ಅದುವರೆಗಿನ ದಾಖಲೆಗಳನ್ನು ಮುರಿದ. ಮೊದಲ ವಾರವೇ ಎಚ್ಚರವಾಗಿದ್ದ ನಮ್ಮ ಸೊಸೆಗೆ ಆತ ದಕ್ಕಿದ. ಚೊಂಬು ಆಕೆಯ ಮನೆಗೆ ಹೋಯಿತು.

ನಮ್ಮ ಮನೆಯವರಿಗೆ ಇದಾವುದೂ ಹಿಡಿಸದು. “ಹಿತ್ತಿಲಿನ ಟೊಮೆಟೊ ಗಿಡಕ್ಕೆ ನೀರು ಹಾಕುವುದು ಮರೆತುಹೋಗುತ್ತದೆ, ಯಾವನೋ ಡೆನ್ವರಿನವನ ಮಂಡಿನೋವು ಮಾತ್ರ ನಿಮಗೆ ನೆನಪಿರುತ್ತದೆ” ಎನ್ನುತ್ತಾರೆ. ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಪರರ ಮಂಡಿಯ ನೋವನ್ನು ನಮ್ಮ ನಷ್ಟವೆಂದು ಎಣಿಸುವುದರಲ್ಲಿ ಏನೋ ಒಂದು ಕಾಠಿಣ್ಯವುಂಟು. ಆತನಿಗೆ ಅದು ಜೀವನೋಪಾಯ. ನಮಗೆ ಆರು ಅಂಕ.

ಇನ್ನು ಕೊಡುಕೊಳ್ಳುವಿಕೆ, ಅಂದರೆ ಟ್ರೇಡು. ಇದರಂಥ ಕಷ್ಟದ ವಿದ್ಯೆ ಮತ್ತೊಂದಿಲ್ಲ. ಒಬ್ಬನ ಬಳಿ ಓಡುವವರು ಹೆಚ್ಚಾಗಿ ಹಿಡಿಯುವವರು ಕಡಿಮೆಯಿರುತ್ತಾರೆ. ಇನ್ನೊಬ್ಬನ ಬಳಿ ತದ್ವಿರುದ್ಧ. ಇಬ್ಬರೂ ಬದಲಾಯಿಸಿಕೊಂಡರೆ ಇಬ್ಬರಿಗೂ ಲಾಭ. ಕೇಳಲು ಸುಲಭ. ಆದರೆ ಒಬ್ಬ ಆಟಗಾರನು ನಮ್ಮವನಾದ ಕ್ಷಣದಿಂದ ಅವನ ಬೆಲೆ ನಮ್ಮ ಕಣ್ಣಿಗೆ ಒಂದೂವರೆಪಾಲಾಗುತ್ತದೆ; ಅವನನ್ನು ಬೇರೊಬ್ಬನು ಕೇಳಿದನೆಂದರೆ ಎರಡುಪಾಲು. ಆದಕಾರಣ ಹತ್ತು ಪ್ರಸ್ತಾಪಗಳಲ್ಲಿ ಒಂಬತ್ತು ಮುರಿದುಬೀಳುತ್ತವೆ. ನಾವು ಈ ಕೂಟದ ಕಮಿಷನರು, ಎಂದರೆ ಪಂಚಾಯಿತರ ಸ್ಥಾನದಲ್ಲಿರುವವರು. ಯೋಗ್ಯತೆಯಿಂದಲ್ಲ, ಉಳಿದವರಲ್ಲಿ ಯಾರನ್ನು ಹೆಸರಿಸಿದರೂ ಇನ್ನೊಬ್ಬರು ಒಪ್ಪಲಿಲ್ಲವಾದ್ದರಿಂದ. ಯಾವ ಟ್ರೇಡಾದರೂ ಎರಡು ದಿನ ತಡೆದಿದ್ದು, ಆಮೇಲೆ ನಮ್ಮ ಒಪ್ಪಿಗೆಯಿಂದ ಜಾರಿಗೆ ಬರತಕ್ಕದ್ದು. ಮೂರ್ಖತನದ ಟ್ರೇಡನ್ನು ನಾವು ತಡೆಯುವಂತಿಲ್ಲ. ಮೂರ್ಖನಾಗುವುದು ಸದಸ್ಯರ ಹಕ್ಕು. ಒಬ್ಬನು ತನ್ನ ತಂಡವನ್ನು ಬಲಿಗೊಟ್ಟು ಇನ್ನೊಬ್ಬನ ತಂಡವನ್ನು ಬೆಳಸುವಂತಿದ್ದರೆ ಮಾತ್ರ ತಡೆಯಬೇಕು.

ಹೀಗಿರಲು 2024ರಲ್ಲಿ ಒಂದು ಪ್ರಸಂಗ ನಡೆಯಿತು.

ನಮ್ಮ ಸೋದರಮಾವನ ಮಕ್ಕಳು ಇಬ್ಬರು. ದೊಡ್ಡವರು, ನಮಗಿಂತ ಹಿರಿಯರು, ನಿವೃತ್ತರಾಗಿ ಮೈಸೂರಿನ ತಂದೆಯ ಮನೆಯಲ್ಲಿದ್ದಾರೆ. ಚಿಕ್ಕವನು ಟೆಕ್ಸಸಿನಲ್ಲಿದ್ದಾನೆ. 2021ರಲ್ಲಿ ಮಾವನವರು ತೀರಿಕೊಂಡ ಮೇಲೆ, ಆ ಮನೆಯನ್ನು ಮಾರಬೇಕೆಂದು ಕಿರಿಯನೂ, ತಾವಿರುವವರೆಗೆ ಕೂಡದೆಂದು ಹಿರಿಯರೂ ಹಿಡಿದ ಹಟದಿಂದ ಮಾತು ನಿಂತಿತು. ಮೂರು ವರ್ಷ ಇಬ್ಬರೂ ಒಬ್ಬರಿಗೊಬ್ಬರು ಒಂದಕ್ಷರ ಆಡಲಿಲ್ಲ. ಆದರೆ ಕೂಟವನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ದೊಡ್ಡ ಭಾವನವರು 2019ರಲ್ಲಿ ಇಲ್ಲಿ ಮಗಳ ಮನೆಗೆ ಬಂದಿದ್ದಾಗ ಆಟ ಕಲಿತು ಸೇರಿದವರು. ಯಾರು ಮೊದಲು ಬಿಡುವುದೆಂಬ ಛಲದಿಂದ ಇಬ್ಬರೂ ಉಳಿದರೆಂದು ತೋರುತ್ತದೆ. ವರ್ಷಕ್ಕೊಂದೆರಡು ವಾರ ಅವರಿಬ್ಬರ ತಂಡಗಳೇ ಎದುರುಬದುರಾಗುತ್ತಿದ್ದುವು. ಯಂತ್ರ ಅಂಕ ಎಣಿಸುತ್ತಿತ್ತು. ಮಾತಿನ ಅಗತ್ಯ ಬೀಳುತ್ತಿರಲಿಲ್ಲ.

ಆ ವರ್ಷ ಚೀಟಿಯಲ್ಲಿ ಚಿಕ್ಕವನಿಗೆ ಮೊದಲ ಸರದಿ, ದೊಡ್ಡವರಿಗೆ ಹತ್ತನೆಯದು. ಚಿಕ್ಕವನು ಎಲ್ಲರಂತೆ ಸ್ಯಾನ್ ಫ್ರಾನ್ಸಿಸ್ಕೊ ತಂಡದ ಕ್ರಿಶ್ಚಿಯನ್ ಮೆಕ್ಯಾಫ್ರಿಯನ್ನು ಆರಿಸಿದ. ಹಿಂದಿನ ವರ್ಷ 1459 ಗಜ ಓಡಿ ದೇಶಕ್ಕೆಲ್ಲ ಮೊದಲಿಗನಾಗಿದ್ದ ಓಟಗಾರ ಆತ. ಇಂಥವನನ್ನು ಪಡೆದವರು ಅವನ ಬದಲಿಯನ್ನೂ ಕೊನೆಯ ಸುತ್ತುಗಳಲ್ಲಿ ತೆಗೆದಿಡುವುದು ರೂಢಿ. ಚಿಕ್ಕವನು ತೆಗೆದಿಡಲಿಲ್ಲ. ಸೆಪ್ಟೆಂಬರ್ 9ರ ಸೋಮವಾರ ರಾತ್ರಿ, ಆಟಕ್ಕೆ ತೊಂಬತ್ತು ನಿಮಿಷವಿದ್ದಾಗ, ಮೆಕ್ಯಾಫ್ರಿ ಆಡುವುದಿಲ್ಲವೆಂದು ಪ್ರಕಟವಾಯಿತು. ಅವನ ಬದಲಿಗೆ ಇಳಿದ ಜೋರ್ಡನ್ ಮೇಸನ್ ಎಂಬಾತ 147 ಗಜ ಓಡಿಬಿಟ್ಟ. ಮೈಸೂರಿನಲ್ಲಿ ಆಗ ಮಂಗಳವಾರದ ಬೆಳಗು. ದೊಡ್ಡ ಭಾವನವರು ಕಾಫಿ ಕುಡಿಯುತ್ತ ಇದನ್ನೆಲ್ಲ ನೋಡಿದರು. ಹಂಚಿಕೆಯಲ್ಲಿ ಕೊನೆಯವರಾದ್ದರಿಂದ ವೇವರಿನಲ್ಲಿ ಅವರಿಗೇ ಮೊದಲ ಹಕ್ಕು. ಮೇಸನ್ ಅವರ ಪಾಲಾದ.

14ನೆಯ ತಾರೀಖು ಶನಿವಾರ ಮೆಕ್ಯಾಫ್ರಿಯನ್ನು ಗಾಯಾಳುಗಳ ಖಾಯಂ ಪಟ್ಟಿಗೆ ಸೇರಿಸಿದರು. ಕಡೆಯ ಪಕ್ಷ ನಾಲ್ಕು ಪಂದ್ಯ ಆತ ಇಲ್ಲ. ಆ ರಾತ್ರಿಯೇ ಟ್ರೇಡಿನ ಪ್ರಸ್ತಾಪವೊಂದು ನಮ್ಮ ಮುಂದೆ ಬಂದಿತು. ದೊಡ್ಡವರು ಮೇಸನನ್ನು ತಮ್ಮನಿಗೆ ಕೊಡುತ್ತಾರೆ. ಬದಲಿಗೆ ತಮ್ಮನ ತಂಡದ ಚೆಂಡೊದೆಯುವವನನ್ನು ತೆಗೆದುಕೊಳ್ಳುತ್ತಾರೆ. ಚೆಂಡೊದೆಯುವವನೆಂದರೆ ಈ ಆಟದಲ್ಲಿ ಕೊಸರು. ಬಿಟ್ಟಿ ಸಿಕ್ಕುವ ಸರಕು. ಪ್ರಸ್ತಾಪದ ಕೆಳಗೆ ಒಂದು ಸಾಲು: “ನಿನಗೆ ಬೇಕಾದೀತು.” ತಮ್ಮನು ಒಪ್ಪಿದ್ದ.

ಇದು ದಾನವೇ ಹೊರತು ವಿನಿಮಯವಲ್ಲ. ಮರುದಿನ ಬೆಳಗಾಗುವಷ್ಟರಲ್ಲಿ ನಾಲ್ವರ ಆಕ್ಷೇಪಣೆ ಬಂದಿತು. ಅವರಲ್ಲಿ ಮೊದಲನೆಯವಳು ನಮ್ಮ ಮಗಳೇ. “ಅಪ್ಪಾ, ಅವರಿಬ್ಬರೂ ಒಂದಾದರೆ ಎಲ್ಲರಿಗೂ ಸಂತೋಷ. ಆದರೆ ಆ ಸಂತೋಷದ ಬೆಲೆಯನ್ನು ಉಳಿದ ಎಂಟು ಜನ ಕೊಡಬೇಕೇ? ನಾಳೆ ನಾನು ನಿಮಗೆ ಹೀಗೆಯೇ ಒಬ್ಬನನ್ನು ಕೊಟ್ಟರೆ ಸುಮ್ಮನಿರುತ್ತಾರೆಯೇ?” ಎಂದಳು. ಉತ್ತರವಿಲ್ಲದ ಪ್ರಶ್ನೆ. ನಮ್ಮ ಮನೆಯವರು, ಈ ಆಟದಲ್ಲಿ ಎಂದೂ ಬಾಯಿಹಾಕದವರು, ಅಂದು ಮಾತ್ರ ಬಾಯಿ ಹಾಕಿದರು: “ಮೂರು ವರ್ಷದ ಮೇಲೆ ಅಣ್ಣ ತಮ್ಮನಿಗೆ ಏನನ್ನೋ ಕೊಡುತ್ತಿದ್ದಾರೆ. ಅದಕ್ಕೂ ನಿಮ್ಮ ಕಾಯಿದೆಯೇ?” ಇದಕ್ಕೂ ಉತ್ತರವಿಲ್ಲ.

ಒಪ್ಪಿದರೆ ಕೂಟದಲ್ಲಿ ನ್ಯಾಯ ಹೋಯಿತು. ಚೊಂಬು ಹಿತ್ತಾಳೆಯದಾದರೂ ನ್ಯಾಯ ಹಿತ್ತಾಳೆಯದಲ್ಲ. ತಳ್ಳಿಹಾಕಿದರೆ ನೀಡಿದ ಕೈಯನ್ನು ನಾವು ತಟ್ಟಿದಂತಾಯಿತು. ಆ ಕೈ ಮತ್ತೆ ಮುಂದೆ ಬರುವುದೆಂಬ ಭರವಸೆಯೇನು? ನಾವು ದಿನವೆಲ್ಲ ಆಲೋಚಿಸಿ, ದೊಡ್ಡವರಿಗೆ ಹೀಗೆ ಬರೆದೆವು: “ಭಾವನವರೆ, ಈ ರೂಪದಲ್ಲಿ ಇದಕ್ಕೆ ಒಪ್ಪಿಗೆ ಕೊಡಲು ಬರುವುದಿಲ್ಲ. ಸಲ್ಲುವ ಬೆಲೆಯೊಂದನ್ನು ನೀವಿಬ್ಬರೇ ಮಾತಾಡಿ ಗೊತ್ತುಮಾಡಿ. ನಾನು ನಡುವೆ ಬರುವುದಿಲ್ಲ. ನನ್ನ ಮೂಲಕ ಕಾಗದ ಕಳುಹಿಸುವುದೂ ಬೇಡ.” ಅವರಿಗೆ ಕೋಪ ಬಂದಿತು. ಕೂಡಲೇ ಫೋನು ಮಾಡಿ, “ವಸ್ತು ನನ್ನದು. ತಮ್ಮ ನನ್ನವನು. ನಡುವೆ ನಿನ್ನದೇನಯ್ಯ ಅಧಿಕಾರ?” ಎಂದು ಗದರಿಸಿದರು. ಮೂರು ವರ್ಷಗಳಿಂದ ಅವರ ಬಾಯಲ್ಲಿ ಆತನಿಗೆ “ಟೆಕ್ಸಸಿನವನು” ಎಂಬುದೊಂದೇ ಹೆಸರಿತ್ತು. ನಾವು ಬೈಗುಳನ್ನು ಪೂರ್ತಿಯಾಗಿ ಕೇಳಿ ಫೋನು ಇಟ್ಟೆವು.

ಅಷ್ಟರಲ್ಲಿ ಆ ಭಾನುವಾರದ ಪಂದ್ಯದಲ್ಲಿ ಮೇಸನ್ ಮತ್ತೆ ನೂರು ಗಜ ಓಡಿದ. ಅವನ ಬೆಲೆ ಏರಿತು. ಚಿಕ್ಕವನ ಬೆಂಚಿನ ಮೇಲೆ ಲಾಸ್ ವೇಗಸ್ ತಂಡದ ಬ್ರಾಕ್ ಬವರ್ಸ್ ಎಂಬ ಹೊಸ ಹುಡುಗನಿದ್ದ. ಆತ ಅದೇ ದಿನ ಒಂಬತ್ತು ಸಲ ಚೆಂಡು ಹಿಡಿದು 98 ಗಜ ಗಳಿಸಿದ. ದೊಡ್ಡವರ ಕಣ್ಣು ಅವನ ಮೇಲೆ ಬಿದ್ದಿತು. ಸೋಮವಾರ ಅಣ್ಣತಮ್ಮಂದಿರು ಫೋನಿನಲ್ಲಿ ನಲವತ್ತು ನಿಮಿಷ ಚೌಕಾಸಿ ಮಾಡಿದರಂತೆ. “ಬಿಟ್ಟಿ ಕೊಡಲು ಬಂದವನು ಈಗ ವ್ಯಾಪಾರಕ್ಕೆ ನಿಂತೆಯಾ ಅಣ್ಣಾ?” ಎಂದು ಇವನು. “ಬಿಟ್ಟಿ ಕೊಡಕೂಡದೆಂದು ನಿನ್ನ ಭಾವನ ಅಪ್ಪಣೆಯಾಗಿದೆ ಕಣೋ, ಬವರ್ಸನನ್ನು ಕೊಡು” ಎಂದು ಅವರು. ಮುಪ್ಪತ್ತನೆಯ ನಿಮಿಷದಲ್ಲೊಮ್ಮೆ ಮಾತು ಮುರಿಯಿತಂತೆ. ಆಗ ದೊಡ್ಡವರು, ಸುಮ್ಮನಿರಲಾರದೆ, ಮಳೆಗೆ ಹಿತ್ತಿಲ ಗೋಡೆ ಒಂದು ಕಡೆ ಬಿದ್ದುಹೋಯಿತೆಂದರು. ಇವನು, ಸಂಪಿಗೆಯ ಮರದ ಮಗ್ಗುಲಿನದೋ ಬಾವಿಯ ಕಡೆಯದೋ ಎಂದು ಕೇಳಿದ. ಬಾವಿಯ ಕಡೆಯದು. ಆಮೇಲೆ ಬವರ್ಸನನ್ನು ಬಿಟ್ಟುಕೊಟ್ಟ. ಇಷ್ಟನ್ನು ಚಿಕ್ಕವನೇ ನಮಗೆ ಹೇಳಿದ್ದು. ಉಳಿದ ಮಾತೇನು ನಡೆಯಿತೋ ನಾವು ಕೇಳಲಿಲ್ಲ. ಮೇಸನಿಗೆ ಬವರ್ಸ್ ಎಂಬ ಟ್ರೇಡಿಗೆ ಆಕ್ಷೇಪಣೆ ಒಂದೂ ಬರಲಿಲ್ಲ. ನಾವು ಒಪ್ಪಿಗೆ ಹಾಕಿದೆವು.

ಈ ವ್ಯವಹಾರದಲ್ಲಿ ಲಾಭ ಯಾರಿಗೆ ಎಂಬ ಕುತೂಹಲ ವಾಚಕರಿಗೆ ಇರಬಹುದು. ಬವರ್ಸ್ ಆ ವರ್ಷ 112 ಸಲ ಚೆಂಡು ಹಿಡಿದು ನಕುವಾನ ದಾಖಲೆಯನ್ನು ಮುರಿದ. 1194 ಗಜ ಗಳಿಸಿ, ತನ್ನ ಸ್ಥಾನದ ಹೊಸಬರಲ್ಲಿ ಮೈಕ್ ಡಿಟ್ಕಾ 1961ರಲ್ಲಿ ನಿಲ್ಲಿಸಿದ್ದ ಗುರುತನ್ನೂ ದಾಟಿದ. ದಾನ ಕೊಡಲು ಹೊರಟ ಭಾವನವರಿಗೆ ಹೀಗೆ ನಿಧಿಯೇ ಸಿಕ್ಕಿತು. ಚಿಕ್ಕವನ ಮೆಕ್ಯಾಫ್ರಿ ನವೆಂಬರಿನಲ್ಲಿ ಮರಳಿ ಬಂದ. ಡಿಸೆಂಬರ್ 1ರ ಭಾನುವಾರ ರಾತ್ರಿ ಬಫಲೋ ನಗರದಲ್ಲಿ ಹಿಮ ಸುರಿಯುತ್ತಿದ್ದಾಗ ನಡೆದ ಪಂದ್ಯದಲ್ಲಿ ಮೆಕ್ಯಾಫ್ರಿಗೆ ಮಂಡಿಯೂ, ಅದೇ ಪಂದ್ಯದಲ್ಲಿ ಮೇಸನಿಗೆ ಕಾಲಿನ ಗಿಣ್ಣೂ ಪೆಟ್ಟಾಗಿ ಇಬ್ಬರೂ ಒಟ್ಟಿಗೆ ಗಾಯಾಳುಗಳ ಪಟ್ಟಿಗೆ ಹೋದರು. ಮೈಸೂರಿನಲ್ಲಿ ಸೋಮವಾರ ಬೆಳಗ್ಗೆ. ನಮಗೆ ಮೊದಲು ತೋರಿದ್ದು ತಮ್ಮನಿಗೆ ಸಮಾಧಾನ ಹೇಳಬೇಕೆಂದು. ಫೋನು ಮಾಡಿದರೆ ಅವನ ಲೈನು ಬಿಡುವಿರಲಿಲ್ಲ. ಅಣ್ಣ ಆಗಲೇ ಮಾಡಿದ್ದರು.

ಆ ವರ್ಷ ಚೊಂಬು ಇಬ್ಬರಿಗೂ ಬರಲಿಲ್ಲ. ನಮ್ಮ ಮಗಳಿಗೆ ಹೋಯಿತು. ಮನೆಯ ವಿಚಾರ ಇನ್ನೂ ತೀರ್ಮಾನವಾಗಿಲ್ಲ. ಒಬ್ಬರು ಮಾರುವುದಿಲ್ಲವೆನ್ನುತ್ತಾರೆ, ಒಬ್ಬನು ಮಾರಬೇಕೆನ್ನುತ್ತಾನೆ; ಆದರೆ ಈಗ ಅದನ್ನು ಒಬ್ಬರಿಗೊಬ್ಬರೇ ಹೇಳಿಕೊಳ್ಳುತ್ತಾರೆ. 2025ರ ಆಗಸ್ಟಿನಲ್ಲಿ ಚಿಕ್ಕವನು ಗೋಡೆ ಕಟ್ಟಿಸುವ ನೆಪದಿಂದ ಮೈಸೂರಿಗೆ ಹೋಗಿದ್ದ. ಆ ವರ್ಷದ ಹಂಚಿಕೆಗೆ ಇಬ್ಬರೂ ತಂದೆಯ ಮನೆಯ ಜಗುಲಿಯಲ್ಲಿ, ಒಂದೇ ಮೇಜಿನ ಎರಡು ಕಡೆ, ತಮ್ಮತಮ್ಮ ಯಂತ್ರಗಳನ್ನು ತೆರೆದು ಕುಳಿತದ್ದು ನಮಗೆ ಪರದೆಯ ಮೇಲೆ ಕಾಣುತ್ತಿತ್ತು. ಮೂರನೆಯ ಸುತ್ತಿನಲ್ಲಿ ತಮ್ಮನು ಯಾವನನ್ನೋ ತೆಗೆದುಕೊಳ್ಳಬೇಕೆಂದು ಹೆಂಡತಿಗೆ ಫೋನಿನಲ್ಲಿ ಪಿಸುಗುಟ್ಟಿದ. ಅಣ್ಣನ ಸರದಿ ಅವನಿಗಿಂತ ಒಂದು ಮುಂದಿತ್ತು. ಕೇಳಿಸಿಕೊಂಡವರೇ ಅವನನ್ನು ತಾವು ತೆಗೆದುಕೊಂಡರು. ಅಲ್ಲಿಂದ ಎದ್ದ ಗಲಾಟೆಯಲ್ಲಿ ನಮ್ಮ ಸರದಿ ಬಂದದ್ದು ನಮಗೇ ತಿಳಿಯದೆ, ಯಂತ್ರವು ತಾನಾಗಿಯೇ ನಮಗೊಬ್ಬ ಚೆಂಡೊದೆಯುವವನನ್ನು ಆರಿಸಿಕೊಟ್ಟಿತು.